ಒಂದೇ ಬಸಿರಿನ ಇಬ್ಬರು: ಸಕಲೇಶಪುರ ತಾಲ್ಲೂಕಿನ ಅವಳಿ ಸಹೋದರರಲ್ಲಿ ಒಬ್ಬನಿಗೆ ಮಾತ್ರ ಸ್ಕಿಜೋಫ್ರೀನಿಯಾ ಬಂದ ಪ್ರಕರಣ

2022ರ ದೀಪಾವಳಿ ಕಳೆದ ವಾರ ಸಕಲೇಶಪುರ ತಾಲ್ಲೂಕಿನ ಒಂದು ಹಳ್ಳಿಯಿಂದ ತಾಯಿಯೊಬ್ಬರು ತಮ್ಮ ಇಬ್ಬರು ಗಂಡುಮಕ್ಕಳೊಂದಿಗೆ ಹಾಸನಕ್ಕೆ ಬಂದರು. ಮಕ್ಕಳಿಬ್ಬರೂ ಅವಳಿಗಳು, ಆಗ 27 ವರ್ಷದವರು. ಇಲ್ಲದ ಧ್ವನಿ ಕೇಳಿಸುವ, ಇಲ್ಲದ್ದನ್ನು ನಂಬಿಸುವ ಸ್ಕಿಜೋಫ್ರೀನಿಯಾ ಎಂಬ ಮನೋರೋಗವಿದ್ದ ಕಿರಿಯವನನ್ನು ವಾರ್ಡಿಗೆ ಸೇರಿಸಿ, ಹಿರಿಯವನನ್ನು ಅವನ ಬಳಿ ಕೂರಿಸಿ, ತಾಯಿ ಒಬ್ಬರೇ ನನ್ನ ಕೊಠಡಿಗೆ ಬಂದರು. ಕುರ್ಚಿ ತೋರಿಸಿದರೂ ಕೂರಲಿಲ್ಲ. “ಇಬ್ರೂ ಒಂದೇ ಬಸಿರಲ್ಲಿದ್ದೋರು, ಒಂದೇ ಎದೆಹಾಲು ಕುಡ್ದೋರು. ಇವನಿಗೇ ಯಾಕೆ ಹಿಂಗಾಯ್ತು ಡಾಕ್ಟ್ರೇ? ನಾನೇನು ಮಾಡ್ಬಾರದ್ದು ಮಾಡ್ದೆ?” ಎಂದು ಕೇಳಿದರು.

ಮೊದಲನೆಯ ಪ್ರಶ್ನೆ ಮನೋವೈದ್ಯಶಾಸ್ತ್ರಕ್ಕೂ ತಳಿವಿಜ್ಞಾನಕ್ಕೂ ಇನ್ನೂ ಪೂರ್ತಿಯಾಗಿ ಬಿಡಿಸಲಾಗದ ಒಗಟು. ಎರಡನೆಯದನ್ನು ಆ ತಾಯಿಯ ತಲೆಗೆ ತುಂಬಿದ್ದು ಜೀನುಗಳು ಬದಲಾಗದೆ ಅವು ಕೆಲಸ ಮಾಡುವ ಬಗೆ ಬದಲಾಗುವುದನ್ನು ಅಭ್ಯಸಿಸುವ ಎಪಿಜೆನೆಟಿಕ್ಸ್ ಎಂಬ ಹೊಸ ಶಾಸ್ತ್ರದ ಹೆಸರಿನಲ್ಲಿ ಬಂದ ಅರೆಬೆಂದ ಮಾತು. ಎರಡಕ್ಕೂ ಉತ್ತರ ಕೊಡಬೇಕಾಗಿ ಬಂದ ಈ ಪ್ರಕರಣವನ್ನು, ಕುಟುಂಬದ ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿ, ಇಲ್ಲಿ ದಾಖಲಿಸುತ್ತಿದ್ದೇನೆ. ಹಿರಿಯವನನ್ನು ಅಣ್ಣ ಎಂದೂ ರೋಗಿಯನ್ನು ತಮ್ಮ ಎಂದೂ ಕರೆಯುತ್ತೇನೆ. ಮನೆಯಲ್ಲಿಯೂ ಅವರಿಗೆ ಅದೇ ರೂಢಿ.

ಅವಳಿಗಳ ಹಿನ್ನೆಲೆ

ಇವರು 1995ರಲ್ಲಿ ಹುಟ್ಟಿದವರು. ಒಂದೇ ಮಾಸು ಇತ್ತೆಂದು ಹೆರಿಗೆಯ ಚೀಟಿಯಲ್ಲಿ ಬರೆದಿದೆ; ರಕ್ತದ ಗುಂಪು ಒಂದೇ; ಇಪ್ಪತ್ತರ ಪ್ರಾಯದ ಫೋಟೋದಲ್ಲಿ ಯಾರು ಯಾರೆಂದು ಹೇಳಲು ತಾಯಿಯೂ ಒಂದು ಕ್ಷಣ ತಡೆದರು. ಒಂದೇ ಅಂಡದಿಂದ ಆದ ತದ್ರೂಪಿ ಅವಳಿಗಳೆಂದು ನಂಬಲು ಇಷ್ಟು ಸಾಕು. ಅಣ್ಣ ಹುಟ್ಟಿದಾಗ 2.1 ಕಿಲೋ ತೂಗಿದ್ದ. ಇಪ್ಪತ್ತು ನಿಮಿಷದ ನಂತರ ಹುಟ್ಟಿದ ತಮ್ಮ 1.6 ಕಿಲೋ ಇದ್ದ ಮತ್ತು ತಡವಾಗಿ ಅತ್ತ. ಒಬ್ಬನನ್ನು ಇನ್ನೊಬ್ಬನಿಂದ ಬೇರ್ಪಡಿಸುವ ಮೊದಲ ಗೆರೆ ಹೀಗೆ ಹೆರಿಗೆಯ ಕೋಣೆಯಲ್ಲೇ ಬಿದ್ದಿತ್ತು.

ಎರಡನೆಯ ಗೆರೆಯನ್ನು ಎಳೆದದ್ದು ಕಾಫಿಯ ಬೆಲೆ. ಕುಟುಂಬಕ್ಕೆ ಇದ್ದದ್ದು ಮೂರೂವರೆ ಎಕರೆ ರೊಬಸ್ಟಾ ಮತ್ತು ಅದರ ನೆರಳಿನ ಮರಗಳಿಗೆ ಹಬ್ಬಿಸಿದ ಮೆಣಸು. 2001–02ರ ಸುಮಾರಿಗೆ ಕಾಫಿಯ ಬೆಲೆ ಕುಸಿದು ಮಲೆನಾಡಿನ ಸಣ್ಣ ಬೆಳೆಗಾರರೆಲ್ಲ ತತ್ತರಿಸಿದಾಗ ತಂದೆ ಸಾಲಕ್ಕೆ ಸಿಕ್ಕಿದರು. ಇಬ್ಬರನ್ನೂ ಸಾಕುವುದು ಕಷ್ಟವೆಂದು ಏಳು ವರ್ಷದ ತಮ್ಮನನ್ನು ಅರಸೀಕೆರೆ ಕಡೆಯ ಸೋದರಮಾವನ ಮನೆಗೆ ಕಳಿಸಿದರು. ಅಲ್ಲಿ ಅವನಿಗೆ ಊಟ, ಬಟ್ಟೆಗೆ ಕೊರತೆಯಾಗಲಿಲ್ಲ. ಆದರೆ ಅಣ್ಣನ ಹೆಸರು ಹೇಳಿಕೊಂಡು ರಾತ್ರಿ ಅಳುತ್ತಿದ್ದನೆಂದು ಅತ್ತೆ ನೆನಪಿಸಿಕೊಂಡರು. ಹತ್ತನೇ ತರಗತಿ ಮುಗಿದ ಮೇಲೆ ಊರಿಗೆ ಮರಳಿದ. 2014ರಲ್ಲಿ ಕೆಲಸ ಹುಡುಕಿಕೊಂಡು ಬೆಂಗಳೂರಿಗೆ ಹೋಗಿ, ಅಲ್ಲಿನ ಕೊಠಡಿ ಗೆಳೆಯರ ಜೊತೆ ಗಾಂಜಾ ಸೇದಲು ಆರಂಭಿಸಿ, ಒಂದು ವರ್ಷದೊಳಗೆ ದಿನವೂ ಸೇದುವಷ್ಟಾದ. ಅಣ್ಣ ತೋಟ ಬಿಟ್ಟು ಹೋಗಲೇ ಇಲ್ಲ.

2016ರ ಆರಂಭದಲ್ಲಿ ತಮ್ಮನು ಕೆಲಸ ಬಿಟ್ಟು ಮನೆಗೆ ಬಂದಾಗ ಮಾತು ಕಡಿಮೆಯಾಗಿತ್ತು, ನಿದ್ದೆ ಇರಲಿಲ್ಲ. ಫೆಬ್ರವರಿಯಲ್ಲಿ ಪಕ್ಕದ ಎಸ್ಟೇಟಿನವರು ಕಾಫಿಯ ಹೂವಿಗಾಗಿ ಸ್ಪ್ರಿಂಕ್ಲರ್ ಹಾಕಿದರು. ಜೆಟ್ ತಿರುಗುವ ಟಕ್ ಟಕ್ ಸದ್ದಿನೊಳಗೆ ತನ್ನ ಹೆಸರು ಹಿಡಿದು ಇಬ್ಬರು ಮಾತಾಡಿಕೊಳ್ಳುವುದು ಅವನಿಗೆ ಕೇಳಿಸತೊಡಗಿತು. ತಾನು ಯೋಚಿಸಿದ್ದೆಲ್ಲ ಪೈಪಿನ ಮೂಲಕ ಅವರಿಗೆ ತಲುಪುತ್ತದೆ ಎಂದ; ಒಂದು ರಾತ್ರಿ ಬೇಲಿ ದಾಟಿ ಹೋಗಿ ಪೈಪುಗಳನ್ನು ಕಿತ್ತುಹಾಕಿದ. ಮನೆಯವರು ಗಾಳಿ ಸೋಕಿದೆ ಎಂದುಕೊಂಡರು, ಆಮೇಲೆ ಮಾಟ ಎಂದುಕೊಂಡರು, ಯಂತ್ರ ಕಟ್ಟಿಸಿದರು. ಹೀಗೆ 14 ತಿಂಗಳು ಕಳೆದವು. 2017ರ ಏಪ್ರಿಲ್‌ನಲ್ಲಿ ಅವನು ಮೊದಲ ಬಾರಿ ನನ್ನ ಬಳಿಗೆ ಬಂದಾಗ ರೋಗನಿರ್ಣಯಕ್ಕೆ ಕಷ್ಟವೇನೂ ಆಗಲಿಲ್ಲ. ಗಾಂಜಾ ಬಿಟ್ಟು ವರ್ಷ ಕಳೆದಿದ್ದರೂ ಲಕ್ಷಣಗಳು ಬಿಟ್ಟಿರಲಿಲ್ಲವಾದ್ದರಿಂದ ಇದು ಬರೀ ಮತ್ತಿನ ಪರಿಣಾಮವಲ್ಲ, ಸ್ಕಿಜೋಫ್ರೀನಿಯಾ ಎಂಬುದು ಸ್ಪಷ್ಟವಿತ್ತು.

ರಿಸ್ಪೆರಿಡೋನ್ ಮಾತ್ರೆಯನ್ನು 2 ಮಿಲಿಗ್ರಾಂನಿಂದ ಆರಂಭಿಸಿ 6 ಮಿಲಿಗ್ರಾಂವರೆಗೆ ಏರಿಸಿದಾಗ, ಏಳು ವಾರಗಳಲ್ಲಿ ಧ್ವನಿಗಳು ಮಸುಕಾದವು. ನಂತರ 4 ಮಿಲಿಗ್ರಾಂನಲ್ಲಿ ಐದು ವರ್ಷ ಸ್ಥಿರವಾಗಿದ್ದ. ಹನ್ನೊಂದು ಕಿಲೋ ತೂಕ ಏರಿತು, ಉತ್ಸಾಹ ಮೊದಲಿನಂತೆ ಮರಳಲಿಲ್ಲ. ಆದರೂ ಕೊಯ್ಲಿನ ಕಾಲದಲ್ಲಿ ಕಣದ ಕೆಲಸ ಪೂರ್ತಿ ಅವನದೇ: ಹಣ್ಣು ಹರಡುವುದು, ಕೈಯಾಡಿಸುವುದು, ಸಂಜೆ ಗುಡ್ಡೆ ಮಾಡಿ ಟಾರ್ಪಾಲು ಮುಚ್ಚುವುದು.

ಔಷಧಿ ನಿಂತ ಬಗೆ

2022ರ ಬೇಸಿಗೆಯಲ್ಲಿ ಹತ್ತಿರದ ನೆಂಟರೊಬ್ಬರು ಮೊಬೈಲಿನಲ್ಲಿ ಒಂದು ವಿಡಿಯೋ ತೋರಿಸಿದರು. ಬಸಿರಿಯಾಗಿದ್ದಾಗ ತಾಯಿ ಪಟ್ಟ ದುಃಖವೂ ಮಾಡಿದ ಉಪವಾಸವೂ ಮಗುವಿನ ಜೀನಿನ ಮೇಲೆ ಗುರುತಾಗಿ ಕೂರುತ್ತದೆ, ಆ ಗುರುತೇ ಮುಂದೆ ಹುಚ್ಚಾಗಿ ಹೊರಬರುತ್ತದೆ, ಗುರುತನ್ನು ಅಳಿಸುವ ಪೋಷಕಾಂಶಗಳಿವೆ ಎಂಬುದು ಅದರ ಸಾರ. ಎಂಜಲಿನ ಮಾದರಿಯನ್ನು ಕೊರಿಯರ್‌ನಲ್ಲಿ ಕಳಿಸಿದರು. ಬಣ್ಣಬಣ್ಣದ ಪಟ್ಟಿಗಳಿದ್ದ ವರದಿ ಬಂತು. ಮೀಥೈಲೀಕರಣದ, ಅಂದರೆ ಜೀನಿನ ಮೇಲೆ ರಾಸಾಯನಿಕ ಗುರುತು ಬೀಳುವ ಕ್ರಿಯೆಯ, ಕೊರತೆ ಇದೆ ಎಂದು ಅದರಲ್ಲಿತ್ತು. ಆ ವರ್ಷದ ಮೆಣಸು ಮಾರಿದ ಹಣದ ಒಂದು ಭಾಗ ಫೋಲೇಟ್, ಬಿ12 ಮತ್ತು ಮೀಥಿಯೊನಿನ್ ಇದ್ದ ಡಬ್ಬಿಗಳಿಗೆ ಹೋಯಿತು. ಆಷಾಢದಲ್ಲಿ ರಿಸ್ಪೆರಿಡೋನ್ ನಿಂತಿತು. ಮೊದಲ ಎರಡು ತಿಂಗಳು ಅವನು ಚುರುಕಾದಂತೆ ಕಂಡನು, ತೂಕವೂ ಇಳಿಯಿತು, ಮನೆಯವರಿಗೆ ನಂಬಿಕೆ ಗಟ್ಟಿಯಾಯಿತು.

ಆ ಎರಡು ತಿಂಗಳ ಬಗ್ಗೆ ಇಲ್ಲಿ ಹೇಳಲೇಬೇಕು, ಏಕೆಂದರೆ ಕುಟುಂಬಗಳು ಮೋಸಹೋಗುವುದು ಬಹುಪಾಲು ಅಲ್ಲಿಯೇ. ಔಷಧಿ ನಿಂತೊಡನೆ ಅದರ ಮಂಕು ಇಳಿಯುತ್ತದೆ. ರೋಗ ಮರಳಲು ವಾರಗಳೋ ತಿಂಗಳುಗಳೋ ಬೇಕು. ನಡುವಿನ ಈ ಬಿಡುವನ್ನು ಹೊಸ ಚಿಕಿತ್ಸೆಯ ಗುಣವೆಂದು ಓದಿಕೊಳ್ಳುವುದು ಸಹಜ. 65 ಪ್ರಯೋಗಗಳನ್ನು ಒಟ್ಟುಗೂಡಿಸಿ 2012ರಲ್ಲಿ ಪ್ರಕಟವಾದ ಒಂದು ವಿಶ್ಲೇಷಣೆಯ ಪ್ರಕಾರ, ಔಷಧಿ ಮುಂದುವರಿಸಿದವರಲ್ಲಿ ಒಂದು ವರ್ಷದೊಳಗೆ ರೋಗ ಮರುಕಳಿಸಿದ್ದು ಶೇ. 27 ಮಂದಿಗೆ, ಔಷಧಿ ಬಿಟ್ಟು ಹುಸಿಮಾತ್ರೆ ಪಡೆದವರಲ್ಲಿ ಶೇ. 64 ಮಂದಿಗೆ. ಈ ಹುಡುಗನೂ ಆ ದೊಡ್ಡ ಪಾಲಿಗೆ ಸೇರಿದ. ನವರಾತ್ರಿಯ ಹೊತ್ತಿಗೆ ಅಮ್ಮ ಬಡಿಸಿದ್ದನ್ನು ಮುಟ್ಟುತ್ತಿರಲಿಲ್ಲ. ಅನ್ನಕ್ಕೆ ಏನೋ ಹಾಕಿದ್ದಾರೆ ಎನ್ನುತ್ತಿದ್ದ. ಗೋದಾಮಿನಲ್ಲಿ ಒಳಗಿನಿಂದ ಚಿಲಕ ಹಾಕಿಕೊಂಡು ಮಲಗುತ್ತಿದ್ದ. ದೀಪಾವಳಿಯ ಪಟಾಕಿ ಸದ್ದಿಗೆ ಬೆದರಿ ಕತ್ತಲಲ್ಲಿ ತೋಟದೊಳಗೆ ಓಡಿಹೋದವನನ್ನು ಅಣ್ಣ ಬೆಳಗಿನ ಜಾವ ಹುಡುಕಿ, ಜೀಪಿನಲ್ಲಿ ಕೂರಿಸಿಕೊಂಡು ಬಂದ.

ಎಪಿಜೆನೆಟಿಕ್ಸ್ ನಿಜವಾಗಿ ಹೇಳುವುದು

ಸ್ಕಿಜೋಫ್ರೀನಿಯಾದಲ್ಲಿ ವಂಶವಾಹಿಗಳ ಪಾತ್ರ ದೊಡ್ಡದು. ಡೆನ್ಮಾರ್ಕಿನ ಅವಳಿಗಳ ದಾಖಲೆಗಳನ್ನು ಆಧರಿಸಿ 2018ರಲ್ಲಿ ಪ್ರಕಟವಾದ ಅಧ್ಯಯನವು ಅನುವಂಶೀಯತೆಯನ್ನು, ಅಂದರೆ ರೋಗದ ಒಲವಿನಲ್ಲಿ ಜನರ ನಡುವೆ ಕಾಣುವ ವ್ಯತ್ಯಾಸದಲ್ಲಿ ಜೀನುಗಳ ಪಾಲನ್ನು, ಶೇ. 79 ಎಂದು ಅಂದಾಜಿಸಿತು. ಅದೇ ಅಧ್ಯಯನದಲ್ಲಿ, ತದ್ರೂಪಿ ಅವಳಿಗಳಲ್ಲಿ ಒಬ್ಬರಿಗೆ ರೋಗವಿದ್ದಾಗ ಇನ್ನೊಬ್ಬರಿಗೂ ಬರುವ ಪ್ರಮಾಣ ಶೇ. 33 ಮಾತ್ರ, ತದ್ರೂಪಿಗಳಲ್ಲದ ಅವಳಿಗಳಲ್ಲಿ ಶೇ. 7. ಈ ಎರಡು ಅಂಕಿಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ, ರಕ್ತಸಂಬಂಧ ಎಷ್ಟು ಮುಖ್ಯ ಎಂಬುದೂ ಅದೊಂದೇ ಏಕೆ ಸಾಲದು ಎಂಬುದೂ ಒಟ್ಟಿಗೆ ಕಾಣುತ್ತದೆ. ಜೀನುಗಳ ಪೂರ್ತಿ ಪ್ರತಿಯೇ ಆಗಿರುವವರಲ್ಲಿಯೂ ಮೂವರಲ್ಲಿ ಇಬ್ಬರು ತಪ್ಪಿಸಿಕೊಳ್ಳುತ್ತಾರೆ. ರೋಗದ ಕಡೆಗೆ ವಾಲಿಸುವ ಜೀನು ಒಂದಲ್ಲ. 2022ರಲ್ಲಿ ಪ್ರಕಟವಾದ ಜಾಗತಿಕ ಅಧ್ಯಯನ 76,755 ರೋಗಿಗಳನ್ನು ಪರಿಶೀಲಿಸಿ ಜೀನೋಮಿನ 287 ತಾಣಗಳನ್ನು ಗುರುತಿಸಿತು, ಅವುಗಳಲ್ಲಿ ಬಹುತೇಕ ಒಂದೊಂದರ ಪ್ರಭಾವವೂ ಅತ್ಯಲ್ಪ.

ತಪ್ಪಿಸಿಕೊಳ್ಳುವವರಿಗೂ ಸಿಕ್ಕಿಕೊಳ್ಳುವವರಿಗೂ ನಡುವಿನ ವ್ಯತ್ಯಾಸವನ್ನು ವಿವರಿಸಲು ಬರುವ ಶಾಸ್ತ್ರಗಳಲ್ಲಿ ಎಪಿಜೆನೆಟಿಕ್ಸ್ ಒಂದು. ಈ ಪದವನ್ನು 1942ರಲ್ಲಿ ಬ್ರಿಟನ್ನಿನ ಜೀವವಿಜ್ಞಾನಿ ಕಾನ್ರಾಡ್ ವ್ಯಾಡಿಂಗ್ಟನ್ ಬಳಕೆಗೆ ತಂದರು. ನಮ್ಮ ಒಂದೊಂದು ಜೀವಕೋಶದಲ್ಲೂ ಸುಮಾರು 2 ಮೀಟರ್ ಉದ್ದದ ಡಿಎನ್‌ಎ ಹಿಸ್ಟೋನ್ ಎಂಬ ಪ್ರೋಟೀನುಗಳಿಗೆ ಸುತ್ತಿಕೊಂಡಿರುತ್ತದೆ. ಯಕೃತ್ತಿನ ಕೋಶಕ್ಕೂ ಮಿದುಳಿನ ನರಕೋಶಕ್ಕೂ ಡಿಎನ್‌ಎ ಒಂದೇ ಆದರೂ ಯಾವ ಜೀನು ಎಲ್ಲಿ ಕೆಲಸ ಮಾಡಬೇಕು, ಯಾವುದು ಸುಮ್ಮನಿರಬೇಕು ಎಂಬುದನ್ನು ಕಾಯುವ ರಾಸಾಯನಿಕ ಗುರುತುಗಳಿವೆ. ಡಿಎನ್‌ಎಯ ಸೈಟೋಸಿನ್ ಎಂಬ ಅಕ್ಷರಕ್ಕೆ ಮೀಥೈಲ್ ಗುಂಪು ಅಂಟಿಕೊಳ್ಳುವುದು ಅವುಗಳಲ್ಲಿ ಒಂದು, ಹಿಸ್ಟೋನುಗಳ ಮೇಲೆ ಬೀಳುವ ಗುರುತುಗಳು ಇನ್ನೊಂದು. ಅಕ್ಷರ ಬದಲಾಗುವುದಿಲ್ಲ; ಓದುವುದು ಬದಲಾಗುತ್ತದೆ. ಇದು ರೋಗದ ವ್ಯವಸ್ಥೆಯಲ್ಲ, ಆರೋಗ್ಯವಂತ ದೇಹದ ನಿತ್ಯದ ಕೆಲಸ.

ಅಣ್ಣನಿಗೆ ಇದನ್ನು ವಿವರಿಸುತ್ತಿದ್ದಾಗ ಅವನೇ ಹೋಲಿಕೆ ಕೊಟ್ಟ. “ಒಂದೇ ಬಳ್ಳಿಯಿಂದ ಕತ್ತರಿಸಿದ ಎರಡು ಮೆಣಸಿನ ಕುಡಿ ಸರ್. ಒಂದನ್ನ ಹಾಲುವಾಣಕ್ಕೆ ಹಬ್ಬಿಸ್ತೀವಿ, ಇನ್ನೊಂದನ್ನ ಸಿಲ್ವರ್ ಓಕಿಗೆ. ಫಸಲು ಒಂದೇ ತರ ಬರಲ್ಲ” ಎಂದ. ಕುಡಿಯಿಂದ ಬೆಳೆದ ಬಳ್ಳಿಗಳು ತಳಿಯಲ್ಲಿ ತದ್ರೂಪಿಗಳೇ ಆದ್ದರಿಂದ ಹೋಲಿಕೆ ಸರಿಯಾಗಿಯೇ ಇದೆ. ನಾನು ಸೇರಿಸಿದ್ದು ಇಷ್ಟೇ: ಎಳೆಯ ಕುಡಿಯಾಗಿದ್ದಾಗ ಬಿದ್ದ ಬಿಸಿಲಿನ ನೆನಪನ್ನು ಬಳ್ಳಿ ದೊಡ್ಡದಾದ ಮೇಲೂ ಉಳಿಸಿಕೊಳ್ಳುತ್ತದೆಯೇ ಎಂಬುದೇ ಎಪಿಜೆನೆಟಿಕ್ಸ್ ಕೇಳುವ ಪ್ರಶ್ನೆ.

ಅಂಥ ನೆನಪು ಮನುಷ್ಯರಲ್ಲಿ ಉಳಿಯುತ್ತದೆ ಎಂಬುದಕ್ಕೆ ಅತಿ ಬಲವಾದ ಸಾಕ್ಷ್ಯ ಬಂದಿರುವುದು ಹಸಿವಿನಿಂದ. ಎರಡನೇ ಮಹಾಯುದ್ಧದ ಕೊನೆಯ ಚಳಿಗಾಲದಲ್ಲಿ, 1944–45ರಲ್ಲಿ, ನೆದರ್ಲೆಂಡ್ಸ್‌ನ ಪಶ್ಚಿಮ ಭಾಗ ಕ್ಷಾಮಕ್ಕೆ ಸಿಕ್ಕಿತು. ಆ ಕ್ಷಾಮದ ತೀವ್ರ ಅವಧಿಯಲ್ಲಿ ಗರ್ಭಕ್ಕೆ ಬಂದವರಲ್ಲಿ ಸ್ಕಿಜೋಫ್ರೀನಿಯಾ ಸುಮಾರು ಎರಡು ಪಟ್ಟು ಹೆಚ್ಚಿತ್ತು. ಚೀನಾದ 1959–61ರ ಮಹಾಕ್ಷಾಮದ ಮಕ್ಕಳಲ್ಲಿಯೂ ಹೆಚ್ಚುಕಡಿಮೆ ಅಷ್ಟೇ ಏರಿಕೆ ಕಂಡಿತು. ನೆದರ್ಲೆಂಡ್ಸ್‌ನ ಕ್ಷಾಮದ ವೇಳೆ ಗರ್ಭಕ್ಕೆ ಬಂದವರಲ್ಲಿ ಐಜಿಎಫ್2 ಎಂಬ ಜೀನಿನ ಮೀಥೈಲ್ ಗುರುತುಗಳು ಆರು ದಶಕಗಳ ನಂತರವೂ ಅವರ ಒಡಹುಟ್ಟಿದವರಿಗಿಂತ ಕಡಿಮೆ ಇದ್ದುದನ್ನು 2008ರ ಅಧ್ಯಯನ ತೋರಿಸಿತು. ಆದರೆ ಆ ಜೀನಿನ ಗುರುತೇ ಆ ರೋಗವನ್ನು ತಂದಿತು ಎಂದು ಅದು ಹೇಳಲಿಲ್ಲ. ವಿಡಿಯೋ ಮಾಡಿದವರು ಈ ಎರಡು ಸಂಗತಿಗಳ ನಡುವಿನ ಕಂದಕವನ್ನು ಒಂದೇ ವಾಕ್ಯದಲ್ಲಿ ಹಾರಿಬಿಟ್ಟಿದ್ದರು.

ಮಿದುಳಿನಲ್ಲೇ ನೇರವಾಗಿ ನೋಡಿದ ಅಧ್ಯಯನಗಳೂ ಇವೆ. ನರಕೋಶಗಳು ತಮ್ಮ ಜಾಗ ಸೇರಲು ನೆರವಾಗುವ ರೀಲಿನ್ ಎಂಬ ಪ್ರೋಟೀನಿನ ಜೀನಿನ ಮೇಲೆ, ತೀರಿಕೊಂಡ ರೋಗಿಗಳ ಮಿದುಳಿನಲ್ಲಿ ಮೀಥೈಲ್ ಗುರುತು ಹೆಚ್ಚಾಗಿತ್ತೆಂದು ಷಿಕಾಗೋದ ಸಂಶೋಧಕರು 2005ರಲ್ಲಿ ವರದಿ ಮಾಡಿದರು. ಬೇರೆ ಪ್ರಯೋಗಾಲಯಗಳಲ್ಲಿ ಅದು ಅಷ್ಟೇ ಸ್ಥಿರವಾಗಿ ಮರಳಿ ಕಾಣಲಿಲ್ಲ. 2016ರ ಒಂದು ದೊಡ್ಡ ಅಧ್ಯಯನ, ರೋಗಿಗಳ ಮಿದುಳಿನ ಮುಂಭಾಗದಲ್ಲಿ ವ್ಯತ್ಯಾಸ ಕಂಡ ತಾಣಗಳಲ್ಲಿ ಅನೇಕವು ಭ್ರೂಣಾವಸ್ಥೆಯಿಂದ ಹುಟ್ಟಿನಾಚೆಗೆ ದಾಟುವಾಗ ಬದಲಾಗುವ ತಾಣಗಳೇ ಎಂದು ತೋರಿಸಿತು. ರೋಗ ಇಪ್ಪತ್ತರಲ್ಲಿ ಕಾಣಿಸಿಕೊಂಡರೂ ಅದರ ಬೇರು ಮಿದುಳು ಕಟ್ಟಿಕೊಳ್ಳುವ ಕಾಲದಲ್ಲಿರಬಹುದು ಎಂಬ ಹಳೆಯ ಊಹೆಗೆ ಇದರಿಂದ ಬಲ ಬಂತು. ಈ ಎರಡೂ ಅಧ್ಯಯನಗಳು ಮರಣಾನಂತರ ದಾನವಾಗಿ ಬಂದ ಮಿದುಳಿನ ಮೇಲೆ ನಡೆದವು; ನಮ್ಮಲ್ಲಿಯೂ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಅಂಥ ದಾನ ಸ್ವೀಕರಿಸುವ ಮಿದುಳು ಬ್ಯಾಂಕು ಇದೆ.

ಬದುಕಿರುವ ವ್ಯಕ್ತಿಯ ಎಂಜಲು ಬೇರೆಯೇ ವಸ್ತು. ಗುರುತುಗಳು ಅಂಗಾಂಗಕ್ಕೆ ತಕ್ಕಂತೆ ಬದಲಾಗುವುದೇ ಈ ವ್ಯವಸ್ಥೆಯ ಮೂಲ ಗುಣವಾಗಿರುವಾಗ, ಎಂಜಲಿನಲ್ಲಿ ಓದಿದ್ದನ್ನು ಮಿದುಳಿನ ಸಮಾಚಾರ ಎಂದು ಮಾರುವುದು ಸಲ್ಲದು. ಇದರ ಮೇಲೆ, ತಂಬಾಕಿನ ಹೊಗೆ ಹಲವು ಜೀನುಗಳ ಮೀಥೈಲ್ ಗುರುತುಗಳನ್ನು ಬದಲಿಸುತ್ತದೆ ಎಂಬುದು ಗಟ್ಟಿಯಾಗಿ ಸಾಬೀತಾದ ಸಂಗತಿ. ತಮ್ಮ ದಿನಕ್ಕೆ ಒಂದು ಕಟ್ಟು ಬೀಡಿ ಸೇದುತ್ತಿದ್ದ. ಆ ಬಣ್ಣದ ವರದಿ ಏನನ್ನಾದರೂ ಅಳೆದಿದ್ದರೆ ಅದು ಅವನ ಬೀಡಿಯನ್ನೂ ಅಳೆದಿರಬಹುದು. ಔಷಧಿ, ವಯಸ್ಸು, ಮಾದರಿಯಲ್ಲಿರುವ ಕೋಶಗಳ ಬಗೆ ಇವೂ ಅಂಕಿಯನ್ನು ಏರುಪೇರು ಮಾಡುತ್ತವೆ. ಒಬ್ಬ ವ್ಯಕ್ತಿಯಲ್ಲಿ ಸ್ಕಿಜೋಫ್ರೀನಿಯಾವನ್ನು ಪತ್ತೆ ಮಾಡಬಲ್ಲ ಅಥವಾ ಚಿಕಿತ್ಸೆ ನಿರ್ಧರಿಸಬಲ್ಲ ಎಪಿಜೆನೆಟಿಕ್ ಪರೀಕ್ಷೆ ಇಂದು ಯಾವ ಆಸ್ಪತ್ರೆಯ ವಾಡಿಕೆಯಲ್ಲಿಯೂ ಇಲ್ಲ.

ಮೀಥೈಲ್ ಹೆಚ್ಚಿಸುವ ಮಾತ್ರೆಗಳ ವಿಚಾರವೂ ಇಷ್ಟೇ ಗಂಭೀರ. ಮೀಥೈಲ್ ಗುಂಪನ್ನು ಒದಗಿಸುವ ಮೀಥಿಯೊನಿನ್ ಅಮೈನೋ ಆಮ್ಲವನ್ನು, ಐಪ್ರೋನಿಯಾಜಿಡ್ ಎಂಬ ಔಷಧಿ ಪಡೆಯುತ್ತಿದ್ದ ಸ್ಕಿಜೋಫ್ರೀನಿಯಾ ರೋಗಿಗಳಿಗೆ ಹೆಚ್ಚಿನ ಪ್ರಮಾಣದಲ್ಲಿ ಕೊಟ್ಟು ನೋಡಿದ ಅಮೆರಿಕದ ಸಂಶೋಧಕರು, ಕೆಲವರಲ್ಲಿ ಲಕ್ಷಣಗಳು ಉಲ್ಬಣಿಸಿದ್ದನ್ನು 1961ರಲ್ಲೇ ಪ್ರಕಟಿಸಿದ್ದಾರೆ. ಒಂದು ಜೀನಿನ ಮೇಲೆ ಗುರುತು ಹೆಚ್ಚಾಗುವುದು, ಇನ್ನೊಂದರ ಮೇಲೆ ಕಡಿಮೆಯಾಗುವುದು ಎರಡೂ ಹಾನಿಯಾಗಬಲ್ಲವು. ಇಡೀ ದೇಹಕ್ಕೆ ಮೀಥೈಲ್ ಸುರಿಯುವುದರಿಂದ ಬೇಕಾದ ಜೀನನ್ನು ಮುಟ್ಟಲಾಗದು. ಆದರೂ ಈ ಹುಡುಗ ಮರಳಿ ಹಾಸಿಗೆ ಹಿಡಿದದ್ದು ಆ ಡಬ್ಬಿಗಳಿಂದ ಎಂದು ನಾನು ಬರೆಯಲಾರೆ. ರಿಸ್ಪೆರಿಡೋನ್ ನಿಂತದ್ದೇ ಸಾಕಷ್ಟು ಕಾರಣ.

ತಾಯಿಯ ಪ್ರಶ್ನೆಗೆ ಕೊಟ್ಟ ಉತ್ತರ

ಬಸಿರಿನ ಮೂರನೇ ತಿಂಗಳಲ್ಲಿ ಆಕೆಯ ತಾಯಿ ತೀರಿಕೊಂಡಿದ್ದರು. ಹದಿನಾರು ಸೋಮವಾರದ ವ್ರತ ಹಿಡಿದಿದ್ದರು. ವಿಡಿಯೋ ನೋಡಿದ ಮೇಲೆ ಈ ಎರಡನ್ನೂ ಆಕೆ ಎಣಿಸಿಕೊಂಡು ಕೂತಿದ್ದರು. ನೆಂಟರೂ ಸೂಕ್ಷ್ಮವಾಗಿ ಅದನ್ನೇ ಆಡಿದ್ದರು.

ನಮ್ಮ ವೃತ್ತಿ ಈ ತಪ್ಪನ್ನು ಹಿಂದೊಮ್ಮೆ ಮಾಡಿದೆ. 1948ರಲ್ಲಿ ಫ್ರೀಡಾ ಫ್ರಾಮ್-ರೈಖ್‌ಮನ್ ಎಂಬ ಮನೋವೈದ್ಯೆ ಬಳಕೆಗೆ ತಂದ ಒಂದು ಪರಿಭಾಷೆ, ತಾಯಿಯ ನಡವಳಿಕೆಯೇ ಸ್ಕಿಜೋಫ್ರೀನಿಯಾವನ್ನು ಹುಟ್ಟಿಸುತ್ತದೆ ಎಂಬ ಅರ್ಥ ಹೊತ್ತು, ಒಂದೆರಡು ತಲೆಮಾರಿನ ತಾಯಂದಿರನ್ನು ನೋಯಿಸಿತು. ಆ ಕಲ್ಪನೆಗೆ ಆಧಾರ ಸಿಗಲಿಲ್ಲ. ಈಗ ಅದೇ ಆರೋಪ ಜೀವರಸಾಯನಶಾಸ್ತ್ರದ ಭಾಷೆಯಲ್ಲಿ ಮರಳಿ ಬರುವುದನ್ನು ಕಂಡಾಗ ನನಗೆ ಸಿಟ್ಟು ಬರುತ್ತದೆ, ಅದನ್ನು ಇಲ್ಲಿ ಮುಚ್ಚಿಡುವುದಿಲ್ಲ.

ಆಕೆಗೆ ನಾನು ಹೇಳಿದ್ದು ಹೀಗೆ. ಡೆನ್ಮಾರ್ಕಿನಲ್ಲಿ 13 ಲಕ್ಷಕ್ಕೂ ಹೆಚ್ಚು ಹೆರಿಗೆಗಳನ್ನು ಪರಿಶೀಲಿಸಿದ 2008ರ ಅಧ್ಯಯನದಲ್ಲಿ, ಬಸಿರಿನ ಮೊದಲ ಮೂರು ತಿಂಗಳಲ್ಲಿ ಹತ್ತಿರದವರ ಸಾವು ಕಂಡ ತಾಯಂದಿರ ಮಕ್ಕಳಲ್ಲಿ ರೋಗದ ಸಂಭವ 1.67 ಪಟ್ಟಾಗಿತ್ತು ನಿಜ; ಆದರೆ ನೂರಕ್ಕೆ ಸುಮಾರು ಒಬ್ಬರಿಗೆ ಬರುವ ರೋಗ ನೂರಕ್ಕೆ ಇಬ್ಬರಿಗಿಂತ ಕಡಿಮೆ ಜನರಿಗೆ ಬರುತ್ತದೆ ಎಂಬುದಷ್ಟೇ ಅದರ ಅರ್ಥ, ಉಳಿದ ತೊಂಬತ್ತೆಂಟಕ್ಕೂ ಹೆಚ್ಚು ಮಕ್ಕಳು ಆ ರೋಗವಿಲ್ಲದೆ ಬೆಳೆಯುತ್ತಾರೆ. ವಾರಕ್ಕೊಂದು ದಿನದ ಉಪವಾಸ ಕ್ಷಾಮವಲ್ಲ. ಎಲ್ಲಕ್ಕಿಂತ ಮಿಗಿಲಾಗಿ, “ನೀವು ಅತ್ತಾಗ ಹೊಟ್ಟೆಯಲ್ಲಿ ಇಬ್ಬರೂ ಇದ್ದರಲ್ಲ ಅಮ್ಮ? ನಿಮ್ಮ ದುಃಖ ಒಬ್ಬನಿಗೆ ಮಾತ್ರ ತಾಗಿ ಇನ್ನೊಬ್ಬನನ್ನು ಬಿಟ್ಟಿತು ಅನ್ನುವುದು ಹೇಗೆ?” ಎಂದೆ. ಆಕೆ ಆಗ ಕುಳಿತುಕೊಂಡರು. ಬಹಳ ಹೊತ್ತು ಅತ್ತರು.

ಹಾಗಾದರೆ ವ್ಯತ್ಯಾಸ ಎಲ್ಲಿಂದ ಬಂತು? ಮಾಸು ಒಂದೇ ಇದ್ದರೂ ಅವಳಿಗಳಿಗೆ ರಕ್ತ ಸಮನಾಗಿ ಹರಿಯುವುದಿಲ್ಲ. ಕಡಿಮೆ ತೂಕ ಮತ್ತು ಹೆರಿಗೆಯ ತೊಡಕು ರೋಗದ ಸಂಭವವನ್ನು ತುಸು ಏರಿಸುತ್ತವೆ. ಬಾಲ್ಯದ ಅಗಲಿಕೆ ಇತ್ತು. ಗಾಂಜಾ ಇತ್ತು: ಸ್ವೀಡನ್ನಿನಲ್ಲಿ ಸೇನಾ ತಪಾಸಣೆಗೆ ಬಂದ 45 ಸಾವಿರ ಯುವಕರನ್ನು ಅನುಸರಿಸಿ 1987ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಗಾಂಜಾವನ್ನು ಅತಿಯಾಗಿ ಬಳಸಿದ್ದವರಲ್ಲಿ ಸ್ಕಿಜೋಫ್ರೀನಿಯಾ ಆರು ಪಟ್ಟು ಹೆಚ್ಚಿತ್ತು. ಅಂಡ ಎರಡಾದ ಮೇಲೆ ಒಬ್ಬನಲ್ಲಿ ಮಾತ್ರ ಆಗುವ ಜೀನ್ ಬದಲಾವಣೆಗಳಿವೆ, ಕೋಶ ವಿಭಜನೆಯಲ್ಲಿ ಕಾರಣವಿಲ್ಲದೆ ಬೀಳುವ ಗುರುತುಗಳಿವೆ. ಈ ಒಬ್ಬ ವ್ಯಕ್ತಿಯಲ್ಲಿ ಯಾವುದರ ಪಾಲು ಎಷ್ಟೆಂದು ಬಿಡಿಸಿ ಹೇಳುವ ಸಾಧನ ನನ್ನಲ್ಲಿಲ್ಲ ಎಂದು ತಾಯಿಗೆ ನೇರವಾಗಿ ಹೇಳಿದೆ. ಅಂದಾಜಿನ ಮಾತನ್ನು ಖಚಿತವೆಂದು ಹೇಳಿದವರಿಂದಲೇ ಆಕೆಗೆ ಏಟು ಬಿದ್ದಿತ್ತು.

ಅಣ್ಣನ ಮದುವೆ

2023ರ ಮಾರ್ಚ್‌ನಲ್ಲಿ ಅಣ್ಣ ಒಬ್ಬನೇ ಬಂದ. ಬೇಲೂರು ಕಡೆಯಿಂದ ಸಂಬಂಧ ಬಂದಿತ್ತು. ತನಗೆ ರೋಗ ಬರುವುದೇ, ತನ್ನ ಮಕ್ಕಳಿಗೆ ಬರುವುದೇ, ಹೆಣ್ಣಿನ ಮನೆಯವರಿಗೆ ಏನು ಹೇಳಬೇಕು ಎಂಬ ಮೂರು ಪ್ರಶ್ನೆಗಳನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಬಂದಿದ್ದ.

ಮೊದಲನೆಯದಕ್ಕೆ ಉತ್ತರ ಹಗುರವಾಗಿತ್ತು. ಗಂಡಸರಲ್ಲಿ ಈ ರೋಗ ಹೆಚ್ಚಾಗಿ ಹದಿಹರೆಯದ ಕೊನೆಯಿಂದ ಇಪ್ಪತ್ತರ ದಶಕದೊಳಗೆ ಕಾಣಿಸಿಕೊಳ್ಳುತ್ತದೆ. ಅವನು ಆ ಅವಧಿಯ ಬಹುಭಾಗವನ್ನು ದಾಟಿದ್ದ. ಎರಡನೆಯದು ಕಠಿಣ. ತನಗೆ ರೋಗವಿಲ್ಲವಾದ್ದರಿಂದ ಮಕ್ಕಳಿಗೂ ಭಯವಿಲ್ಲ ಎಂದು ಅವನು ಎಣಿಸಿದ್ದ. 1989ರಲ್ಲಿ ಪ್ರಕಟವಾದ ಡ್ಯಾನಿಶ್ ಅಧ್ಯಯನ ಬೇರೆಯದನ್ನೇ ಹೇಳುತ್ತದೆ: ರೋಗವಿದ್ದ ಅವಳಿಯ ಮಕ್ಕಳಲ್ಲಿ ಶೇ. 16.8, ರೋಗವಿಲ್ಲದ ತದ್ರೂಪಿ ಅವಳಿಯ ಮಕ್ಕಳಲ್ಲಿ ಶೇ. 17.4 ಸಂಭವ. ಒಬ್ಬರಲ್ಲಿ ಪ್ರಕಟವಾಗದೇ ಉಳಿದ ಒಲವೂ ಮುಂದಿನ ತಲೆಮಾರಿಗೆ ಹರಿಯುತ್ತದೆ ಎಂದಾಯಿತು. ಅದೇ ವರ್ಷದ ನಾರ್ವೆಯ ಅಧ್ಯಯನದಲ್ಲಿ ಆರೋಗ್ಯವಂತ ಅವಳಿಯ ಮಕ್ಕಳ ಪ್ರಮಾಣ ಇದಕ್ಕಿಂತ ಸಾಕಷ್ಟು ಕಡಿಮೆ ಕಂಡಿತು. ಎರಡರಲ್ಲೂ ಮಕ್ಕಳ ಸಂಖ್ಯೆ ಚಿಕ್ಕದು. ಹೆಚ್ಚಿನ ಅಂಕಿಯನ್ನೇ ಹಿಡಿದರೂ ಆರು ಮಕ್ಕಳಲ್ಲಿ ಐವರಿಗೆ ರೋಗವಿಲ್ಲ ಎಂಬುದನ್ನು ಅವನ ಚೀಟಿಯ ಹಿಂಬದಿಯಲ್ಲಿ ಬರೆದುಕೊಟ್ಟೆ.

ಮೂರನೆಯ ಪ್ರಶ್ನೆಗೆ ಉತ್ತರ ಕೊಡುವುದು ವೈದ್ಯರ ಅಧಿಕಾರದೊಳಗಿನದಲ್ಲ. ಆದರೂ ಕೇಳಿದ್ದರಿಂದ, ಮುಚ್ಚಿಡಬೇಡಿ ಎಂದೆ. ಅವನು ಹೇಳಿದ. ಆ ಸಂಬಂಧ ಮುರಿಯಿತು. ವರ್ಷದ ಕೊನೆಗೆ ಆಲೂರು ಕಡೆಯ ಮತ್ತೊಂದು ಮನೆಯವರಿಗೆ ಮೊದಲ ಭೇಟಿಯಲ್ಲೇ ಹೇಳಿದ. ಆ ಮಾತುಕತೆ ಇನ್ನೂ ನಡೆಯುತ್ತಿದೆ.

ಸದ್ಯದ ಸ್ಥಿತಿ

ತಮ್ಮನಿಗೆ ವಾರ್ಡಿನಲ್ಲಿ ರಿಸ್ಪೆರಿಡೋನ್ ಮರಳಿ ಆರಂಭಿಸಿ, ಅವನೂ ಒಪ್ಪಿದ ಮೇಲೆ ತಿಂಗಳಿಗೊಮ್ಮೆ ಕೊಡುವ ದೀರ್ಘಕಾಲೀನ ಚುಚ್ಚುಮದ್ದಿಗೆ ಬದಲಿಸಿದೆವು. ಅವನು ಔಷಧಿ ಬಿಡಲು ಮೂಲ ಕಾರಣ ತೂಕವಾಗಿತ್ತು. ಐದು ವರ್ಷ ಅವನು ಅದನ್ನು ಹೇಳುತ್ತಲೇ ಇದ್ದರೂ ನಾನು ಸಾಕಷ್ಟು ಕಿವಿಗೊಟ್ಟಿರಲಿಲ್ಲ. ಈಗ ಪ್ರತಿ ಭೇಟಿಯಲ್ಲೂ ತೂಕ, ಮೂರು ತಿಂಗಳಿಗೊಮ್ಮೆ ರಕ್ತದ ಸಕ್ಕರೆ ನೋಡುತ್ತೇವೆ. ಬೀಡಿ ಅರ್ಧಕ್ಕೆ ಇಳಿದಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಡಿ ಅವನಿಗೆ ಯುಡಿಐಡಿ ಎಂಬ ಅಂಗವಿಕಲರ ಗುರುತಿನ ಕಾರ್ಡು ಆಗಿದೆ. ರಾತ್ರಿ ಹೊತ್ತು ತೊಂದರೆಯಾದರೆ ಕರೆ ಮಾಡಲು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆಯನ್ನು ಅಣ್ಣ ಮೊಬೈಲಿನಲ್ಲಿ ಉಳಿಸಿಕೊಂಡಿದ್ದಾನೆ.

2024ರ ಫೆಬ್ರವರಿ ಕೊನೆಯಲ್ಲಿ ಮೂವರೂ ಚುಚ್ಚುಮದ್ದಿಗೆ ಬಂದಿದ್ದರು. ಪಕ್ಕದ ಎಸ್ಟೇಟಿನಲ್ಲಿ ಆಗಲೇ ಹತ್ತು ದಿನದಿಂದ ಸ್ಪ್ರಿಂಕ್ಲರ್ ನಡೆಯುತ್ತಿತ್ತು. ಸದ್ದು ಹೇಗಿದೆ ಎಂದು ತಮ್ಮನನ್ನು ಕೇಳಿದೆ. ಅವನು ಸ್ವಲ್ಪ ಯೋಚಿಸಿ, “ಇದೆ ಸರ್. ಒಂದೊಂದು ಸಲ ಕರೆದಂಗಾಗತ್ತೆ. ಆಗ ಅಣ್ಣನ್ನ ಕೇಳ್ತೀನಿ, ನಿಂಗೂ ಕೇಳಿಸ್ತಾ ಅಂತ” ಎಂದ. ಅಣ್ಣ ತಲೆಯಾಡಿಸಿದ. ಮುಂದಿನ ಚುಚ್ಚುಮದ್ದಿನ ದಿನಾಂಕವನ್ನು ತಾಯಿ ಎರಡು ಸಲ ಕೇಳಿ ಬರೆಸಿಕೊಂಡರು.